ಉಪ್ಪರಿಗೆಯಲ್ಲಿ ಸ್ಪೀಕರ್ ಗುಂಯ್‌ಗುಡುತ್ತಿದ್ದರೆ

ತೀರ್ಥಹಳ್ಳಿ, ಸಾಗರದ ಕಡೆಯ ಹಳೇ ಮನೆಗಳ ಉಪ್ಪರಿಗೆಯಲ್ಲಿ ಸ್ಪೀಕರ್ ಇಟ್ಟವರು ಬಾಸ್ ತಗ್ಗಿಸುವ ಮೊದಲು ನೆಲಕ್ಕೆ ಅಂಗೈ ಇಟ್ಟು ನೋಡಿ. ಜುಮ್ಮೆಂದರೆ ಹಲಗೆಯೂ ಜೊತೆಗೆ ಹಾಡುತ್ತಿದೆ ಎಂದೇ ಅರ್ಥ.

ಇಲ್ಲಿ ಸ್ಪೈಕ್ (ಸ್ಪೀಕರ್ ಅಡಿಗೆ ಹಾಕುವ ಚೂಪು ಲೋಹದ ಕಾಲು) ಬೇಡ, ನಡುಕ ನೇರ ಹಲಗೆಗೇ ಇಳಿಯುತ್ತದೆ. ಸ್ಪೀಕರ್ ಕೆಳಗೆ ಗ್ರಾನೈಟ್ ಚಪ್ಪಡಿ, ಅದರಡಿ ನಾಲ್ಕು ಮೂಲೆಗೆ 20 ಮಿ.ಮೀ. ದಪ್ಪದ ಮೆತ್ತನೆ ರಬ್ಬರ್ ತುಂಡು ಕೊಡಿ. ಭಾರಕ್ಕೆ ರಬ್ಬರ್ 2-3 ಮಿ.ಮೀ. ಕುಗ್ಗಬೇಕು. ಎಲ್ಲರೂ ಎಡವುವುದು ಇಲ್ಲೇ: ಕುಗ್ಗದ ರಬ್ಬರ್ ಇದ್ದೂ ಇಲ್ಲದಂತೆ. ಕುಗ್ಗದಿದ್ದರೆ ತುಂಡನ್ನು ಸಣ್ಣದಾಗಿ ಕತ್ತರಿಸಿ. ಅಪ್ಪಚ್ಚಿಯಾದರೆ ಅಗಲದ್ದು ಹಾಕಿ. ಚಪ್ಪಡಿ ತೊಲೆಯ ಮೇಲೇ ಬರಲಿ. ಎರಡು ತೊಲೆಗಳ ನಡುವೆ ಹಲಗೆ ಹೆಚ್ಚು ಕುಣಿಯುತ್ತದೆ.

ಸ್ಪಂಜು ಅಗ್ಗ ನಿಜ, ಆದರೆ ನಮ್ಮ ಆಷಾಢದ ಮಳೆಗೆ ಬೂಷ್ಟು ಗ್ಯಾರಂಟಿ. ರೆಕಾರ್ಡ್ ಪ್ಲೇಯರ್ ಇದ್ದರೆ ನೆಲದ ಸಹವಾಸವೇ ಬೇಡ, ಗೋಡೆಗೆ ಬಿಗಿದ ಶೆಲ್ಫ್ ಮೇಲಿಡಿ.