ಮನೆಯವರ ಹೆಸರೂ ರಿಜಿಸ್ಟರಿನಲ್ಲಿರಲಿ: ಸಣ್ಣ ಊರಲ್ಲಿ ದವಾಖಾನೆ ತೆಗೆಯುವವರಿಗೆ

ನಮ್ಮ ಓಣಿಯ ಹುಡುಗಿ ಎಂಬಿಬಿಎಸ್ ಮುಗಿಸಿ ಬಂದಿದ್ದಾಳೆ. "ಆಂಟಿ, ನಾನೂ ಇಲ್ಲೇ ಕಾರಟಗಿಯಾಗ ದವಾಖಾನಿ ತೆಗೀಬೇಕಂತ ಮಾಡೀನಿ. ಮನಿ, ಪೂಜಿ, ಪೇಷಂಟು ಮೂರೂ ಹೆಂಗ ಸಂಭಾಳ್ಸಿದ್ರಿ?" ಅಂತ ಕೇಳಿದಳು. ಸಂಭಾಳಿಸಿದೆ ಅಂತ ಯಾರು ಹೇಳಿದರೋ! ಚಹಾ ಆರುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ, ಬರೆದು ಕೊಡ್ತೀನಿ ಅಂದೆ.

ಮೊದಲು ಒಂದು ಉದ್ದನೆಯ ರಿಜಿಸ್ಟರ್ ತಗೋ. ಕಂಪ್ಯೂಟರ್ ಇದ್ದರೂ ತಗೋ. ನಾನು 1991ರಲ್ಲಿ ಬಾಗಿಲು ತೆಗೆದಾಗ ಕೊಂಡ ಕೆಂಪು ರಟ್ಟಿನ ರಿಜಿಸ್ಟರ್ ಇನ್ನೂ ಇದೆ. ಅದರ ಮೊದಲ ಹಾಳೆಯಲ್ಲಿ ಪೇಷಂಟುಗಳ ಹೆಸರು ಬರೆದೆ. ಅದೇ ತಪ್ಪು. ಮೊದಲ ಹಾಳೆ ಮನೆಯವರಿಗೆ ಬಿಡು. ಹೆಸರು, ವಯಸ್ಸು, ಬಿ.ಪಿ., ಸಕ್ಕರೆ, ತೂಕ ಅಂತ ಗೆರೆ ಹೊಡಿ. ಯಾಕೆ ಅನ್ನೋದು ಕಡೆಗೆ ಗೊತ್ತಾಗುತ್ತದೆ.

ಎರಡನೆಯದು ಬೆಳಗಿನ ಹೊತ್ತು. ಐದೂವರೆಗೆ ಸ್ನಾನ, ಆಮೇಲೆ ಇಪ್ಪತ್ತು ನಿಮಿಷ ನನ್ನ ಲಿಂಗಪೂಜೆ. ಆಗ ಫೋನ್ ನಮ್ಮನೆಯವರ ಕೈಯಲ್ಲಿ. ಅವರು ಗಣಿತದ ಮಾಸ್ತರು, ಬಾಯಿಮಾತು ನಂಬೋದಿಲ್ಲ. ಅದಕ್ಕೆ ಚೀಟಿ ಬರೆದು ಬಾಗಿಲ ಹಿಂದೆ ಅಂಟಿಸಿದೆ: ಎದೆನೋವು, ಉಸಿರು ಕಟ್ಟೋದು, ಹಾವು, ಚೇಳು, ಎಣ್ಣೆ ಕುಡಿದದ್ದು, ಮೂರ್ಛೆ, ಬಸುರಿಗೆ ರಕ್ತ ಹೋಗೋದು. ಇಷ್ಟಕ್ಕೆ ಎಬ್ಬಿಸಬೇಕು, ಉಳಿದವರನ್ನು ಕಟ್ಟೆ ಮೇಲೆ ಕೂಡಿಸಬೇಕು. (ಹೊರಗಿನವರಿಗೆ ಹೇಳಬೇಕು: ನಮ್ಮ ಕಡೆ ಎಣ್ಣೆ ಅಂದರೆ ಗದ್ದೆಗೆ ಹೊಡೆಯುವ ಕ್ರಿಮಿನಾಶಕ.) ಇಂಥ ಚೀಟಿ ಇಲ್ಲದಿದ್ದರೆ ನೆಗಡಿಗೂ ಏಳುತ್ತೀ, ಆಮೇಲೆ ಒಂದಿನ ಏಳಬೇಕಾದದ್ದಕ್ಕೆ ಬೇಸರ ಮಾಡಿಕೊಳ್ಳುತ್ತೀ.

ಚೀಟಿಯ ಪ್ರಕಾರ ಎದ್ದ ಒಂದು ಬೆಳಗ್ಗೆ ಹೇಳ್ತೀನಿ. ಕಾಲುವೆ ನೀರು ಬಿಟ್ಟಿದ್ದರು. ಗದ್ದೆಗೆ ನೀರು ಕಟ್ಟಲು ಹೋದ ಹುಡುಗ ಬದುವಿನ ಮೇಲೆ ಹಾವು ತುಳಿದಿದ್ದ. ಅಪ್ಪ ಮೊಣಕಾಲ ಕೆಳಗೆ ಟವೆಲ್ ಬಿಗಿದಿದ್ದ, ಪಾದ ನೀಲಿಗಟ್ಟಿತ್ತು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಗೆ ಇಟ್ಟು ಎದ್ದೆ. ಆಗ ಮಾಡಬೇಕಾದ್ದು ಇದು. ಮೊದಲು 108ಕ್ಕೆ ಫೋನ್, ಅಥವಾ ಸಿಕ್ಕ ಗಾಡಿ. ಕೊಯ್ಯಬೇಡ, ಹೀರಬೇಡ, ಕಾಲನ್ನು ಕಟ್ಟಿಗೆ ಪಟ್ಟಿಗೆ ಕಟ್ಟಿ ಅಲುಗಾಡದಂತೆ ಇಡು. ಬಿಗಿದು ಕಟ್ಟಿಕೊಂಡೇ ಬಂದಿದ್ದರೆ ಗಡಬಿಡಿಯಲ್ಲಿ ಬಿಚ್ಚಬೇಡ, ಎ.ಎಸ್.ವಿ. (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಸಿದ್ಧ ಇರುವ ಆಸ್ಪತ್ರೆಯಲ್ಲಿ ಬಿಚ್ಚಲಿ. ಗಾಡಿ ಬರುವ ತನಕ, ಒಣಗಿದ ಗಾಜಿನ ಟ್ಯೂಬಿಗೆ 2 ಎಂ.ಎಲ್. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡು. ಪ್ಲಾಸ್ಟಿಕ್ ಟ್ಯೂಬ್ ನಡೆಯೋದಿಲ್ಲ. ಓರೆ ಮಾಡಿದಾಗ ರಕ್ತ ಹರಿದರೆ ಹೆಪ್ಪುಗಟ್ಟಿಲ್ಲ ಅಂತ ಅರ್ಥ: ಕೊಳಕುಮಂಡಲವೋ ಗರಗಸ ಮಂಡಲವೋ ಇರಬೇಕು. ಗಾಡಿ ಮೊದಲೇ ಬಂದರೆ ಟ್ಯೂಬಿಗಾಗಿ ಕಾಯಬೇಡ. ಆ ದಿನ ಬರಲಿಲ್ಲ. ಮುರಿದ ಪೂಜೆಯ ಇಪ್ಪತ್ತು ನಿಮಿಷ ಆ ಟ್ಯೂಬಿನ ಮುಂದೆ ಕೂತೇ ಮುಗಿಯಿತು. ರಕ್ತ ಹರಿಯಿತು. ಅದನ್ನು ಚೀಟಿಯಲ್ಲಿ ಬರೆದು ಗಂಗಾವತಿಗೆ ಕಳಿಸಿದೆ. ಹುಡುಗ ಈಗ ಟ್ರ್ಯಾಕ್ಟರ್ ಓಡಿಸುತ್ತಾನೆ.

ಇನ್ನೊಂದು ನೆನಪಿಟ್ಟುಕೋ. ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಬಂದು, ಕಣ್ಣಿನ ರೆಪ್ಪೆ ಜೋಲುತ್ತಿದ್ದರೆ, ಕಚ್ಚಿದ ಗುರುತು ಕಾಣದಿದ್ದರೂ ಕಟ್ಟುಹಾವು ಅಂತಲೇ ತಿಳಿದು ಕಳಿಸು.

ಓ.ಪಿ.ಡಿ. ಬಗ್ಗೆ ಜಾಸ್ತಿ ಹೇಳೋದಿಲ್ಲ, ನೀನೇ ಕಲಿಯುತ್ತೀ. "ಒಂದ್ ಸೂಜಿ ಮಾಡ್ರೀ ಡಾಕ್ಟ್ರಮ್ಮಾ" ಅನ್ನುವವರ ಜತೆ ಜಗಳ ಆಡಬೇಡ. ಸ್ಟೆತಸ್ಕೋಪ್ ಇಟ್ಟು ಎರಡು ನಿಮಿಷ ಜಾಸ್ತಿ ನೋಡು, ಅರ್ಧ ಜನ ಸೂಜಿ ಮರೆಯುತ್ತಾರೆ. ನಾಟಿ ಹಚ್ಚುವ ಹೆಣ್ಣುಮಕ್ಕಳು ಬಂದರೆ ಕೇಳದಿದ್ದರೂ ಕಾಲ್ಬೆರಳ ಸಂದಿ ನೋಡು. ಕೆಸರುಹುಣ್ಣು ಆಗಿರುತ್ತದೆ, ಅದಕ್ಕೆಲ್ಲ ಏನು ಡಾಕ್ಟರ ಹತ್ತಿರ ಹೋಗೋದು ಅಂತ ಹೇಳಿರೋದಿಲ್ಲ. ಓ.ಆರ್.ಎಸ್. ಕೊಟ್ಟರೆ ಪಾಕೀಟು ಕೈಗೆ ಕೊಟ್ಟು ಸುಮ್ಮನಾಗಬೇಡ. ಒಬ್ಬ ತಾಯಿ ಇಡೀ ಪಾಕೀಟನ್ನು ಒಂದು ಗ್ಲಾಸ್ ನೀರಿಗೆ ಸುರಿದು ಕೂಸಿಗೆ ಕುಡಿಸಿದ್ದಳು. ಅಷ್ಟು ಉಪ್ಪು ಕೂಸಿಗೆ ವಿಷ. ಅವತ್ತಿನಿಂದ ಟೇಬಲ್ ಮೇಲೆ ಒಂದು ಲೀಟರಿನ ಬಾಟಲಿ ಇಟ್ಟಿದ್ದೇನೆ, ಅವರ ಕೈಯಿಂದಲೇ ಕಲಸಿಸುತ್ತೇನೆ. ಪಾಕೀಟು ಇಲ್ಲದವರಿಗೆ ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ತಲೆ ಸವರಿರಬೇಕು, ಗುಡ್ಡೆ ಅಲ್ಲ.

ಎಲ್ಲಾ ಬರಿ ಅಂತ ಹೇಳಿದೆನಲ್ಲ, ಉದ್ರಿ ಮಾತ್ರ ಬರೆಯಬೇಡ. ಮೊದಮೊದಲು ಬರೆದೆ. ನಮ್ಮ ಕಂಪೌಂಡರ್ ಅದನ್ನು ನೋಡಿ ಒಂದು ಮುದುಕಿಗೆ "ಹಿಂದಿನ ನಲವತ್ತು ಬಾಕಿ ಐತಿ" ಅಂದ. ಆಕೆ ಆಮೇಲೆ ಬರಲೇ ಇಲ್ಲ. ಕಾಲಿನ ಗಾಯ ಕೊಳೆತ ಮೇಲೆ ಮಗ ಹೊತ್ತು ತಂದ. ಆ ಹಾಳೆ ಹರಿದು ಹಾಕಿದೆ. ಸುಗ್ಗಿಯಾದ ಮೇಲೆ ಕೆಲವರು ಅಕ್ಕಿ ತಂದಿಡುತ್ತಾರೆ, ಕೆಲವರು ಎದುರಾದರೆ ಮುಖ ತಿರುಗಿಸುತ್ತಾರೆ. ಸಿಟ್ಟು ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ದೇವರ ವಿಷಯ. ನಿನ್ನ ಪೂಜೆ ನಿನ್ನದು, ಟೇಬಲ್ಲಿನ ಆಚೆ ಕೂತವರ ನಂಬಿಕೆ ಅವರದು, ಅದನ್ನೂ ಕೇಳಿ ತಿಳಿದುಕೋ. ಮೂರ್ಛೆ ಬರುವ ಮಗಳನ್ನು ಹುಲಿಗಿಯ ದೇವಿ ಹುಲಿಗೆಮ್ಮನ ಹತ್ತಿರ ಕರೆದೊಯ್ಯುತ್ತೇವೆ ಅಂದರೆ ನಗಬೇಡ. "ಹೋಗಿ ಬರ್ರಿ, ಗುಳಿಗಿ ಸೆರಗಿಗೆ ಕಟ್ಕೊಂಡ್ ಹೋಗ್ರಿ, ಒಂದ್ ಹೊತ್ತೂ ತಪ್ಪಿಸಬ್ಯಾಡ್ರಿ" ಅನ್ನು. ನಾನು ಒಮ್ಮೆ ಬೈದಿದ್ದಕ್ಕೆ ಅವರು ಗುಳಿಗೆ ಬಿಟ್ಟರೇ ಹೊರತು ಹುಲಿಗಿ ಬಿಡಲಿಲ್ಲ. ಸಕ್ಕರೆ ಬ್ಯಾನಿ ಇರುವ ಮುಸ್ಲಿಂ ಪೇಷಂಟುಗಳನ್ನು ರಂಜಾನಿಗೆ ಎರಡು ತಿಂಗಳು ಮುಂಚೆಯೇ ಕರೆಸು. ಇನ್ಸುಲಿನ್, ಗುಳಿಗೆಯ ಹೊತ್ತು ಬದಲಿಸಬೇಕು, ಕೆಲವರಿಗೆ ಉಪವಾಸ ಬೇಡ ಅಂತಲೇ ಹೇಳಬೇಕು. ಮೀಟರಿನಲ್ಲಿ 70ಕ್ಕಿಂತ ಕೆಳಗೆ ಬಂದರೆ ಅಥವಾ 300 ದಾಟಿದರೆ ರೋಜಾ ಮುರಿಯಬೇಕು ಅಂತ ಮನೆಯವರೆದುರು ಹೇಳು, ಪೇಷಂಟು ಒಬ್ಬರಿಗೇ ಹೇಳಿದರೆ ಮುಚ್ಚಿಡುತ್ತಾರೆ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಅಜ್ಜನ ಜಾತ್ರೆಗೆ ನಾನು ಒಂದು ದಿನ ಬಾಗಿಲು ಹಾಕಿ ಹೋಗುತ್ತೇನೆ. ಊರೂರಿಂದ ಗಾಡಿ ತುಂಬಾ ಜೋಳದ ರೊಟ್ಟಿ ಬರುವುದನ್ನು ನೋಡುತ್ತಾ ದಾಸೋಹದಲ್ಲಿ ಬಡಿಸಲು ನಿಂತರೆ, ಡಾಕ್ಟರ್ ಅನ್ನೋದೇ ಮರೆತುಹೋಗುತ್ತದೆ. ಸಿಹಿ ಮಾದಲಿಗೆ ತಟ್ಟೆ ಒಡ್ಡಿದ ನನ್ನ ಸಕ್ಕರೆ ಬ್ಯಾನಿಯ ಪೇಷಂಟು ನನ್ನ ಮುಖ ನೋಡಿ ಕೈ ಹಿಂದೆ ಎಳೆದುಕೊಂಡಾಗ ಮಾತ್ರ ನೆನಪಾಗುತ್ತದೆ. ಅರ್ಧ ಸೌಟು ಬಡಿಸುತ್ತೇನೆ.

ಈಗ ಮೊದಲ ಹಾಳೆ. 2003. ನಮ್ಮತ್ತೆ ದಿನಾ ದವಾಖಾನೆಯ ಬಾಕಿನ ಮೇಲೆ ಕೂತು ಪೇಷಂಟುಗಳ ಸುಖದುಃಖ ಕೇಳುತ್ತಿದ್ದರು. "ತಲಿ ಗಿರ್ ಅಂತೈತೆವಾ" ಅಂತ ನನಗೆ ಎರಡು ಸಲ ಅಂದಿದ್ದರು. ಬಿಸಿಲಿಗೆ ಅಂದೆ. ದಿನಕ್ಕೆ ಅರವತ್ತು ಜನರ ತೋಳಿಗೆ ಬಿ.ಪಿ. ಪಟ್ಟಿ ಕಟ್ಟುವ ನಾನು ಮೂರು ಹೆಜ್ಜೆ ದೂರದಲ್ಲಿದ್ದ ಅವರಿಗೆ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕಟ್ಟಿರಲಿಲ್ಲ. ಒಂದು ಬೆಳಗ್ಗೆ ಬಲಗೈಯಿಂದ ಚಹಾದ ಬಟ್ಟಲು ಜಾರಿತು, ಬಾಯಿ ಸೊಟ್ಟಗಾಯಿತು. ಬಿ.ಪಿ. 210/120. ಲಕ್ವಾ. ಆರು ವರ್ಷ ಹಾಸಿಗೆಯಲ್ಲಿದ್ದರು, ಒಮ್ಮೆಯೂ ನನ್ನನ್ನು ದೂರಲಿಲ್ಲ.

ಅಂದಿನಿಂದ ಅಮಾವಾಸ್ಯೆಯ ಮಧ್ಯಾಹ್ನ ಮನೆಯವರ ಪಾಳಿ, ಆ ದಿನ ಪೇಷಂಟುಗಳು ಕಮ್ಮಿ. ಎಲ್ಲರೂ ದವಾಖಾನೆಗೇ ಬರಬೇಕು, ಬಾಕಿನ ಮೇಲೆ ಕೂಡಬೇಕು. ಅಡಿಗೆಮನೆಯಲ್ಲಿ ನಿಂತುಕೊಂಡು ನೋಡಿದ ಬಿ.ಪಿ. ಲೆಕ್ಕಕ್ಕಿಲ್ಲ. ಅರ್ಧ ಗಂಟೆ ಮುಂಚೆಯಿಂದ ಚಹಾ, ತಂಬಾಕು ಇಲ್ಲ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಐದು ನಿಮಿಷ ಮಾತಿಲ್ಲ. ಎರಡು ಸಲ ನೋಡಿ ಬರೆಯಬೇಕು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ವಾರ ಅರ್ಧ ಊರಿನ ಬಿ.ಪಿ. ಏರಿತ್ತು, ಬೆಳೆಗೆ ನೀರು ಉಳಿಯುತ್ತೋ ಇಲ್ಲವೋ ಅಂತ. ನಮ್ಮ ಮೈದುನನದೂ ಏರಿತ್ತು. ಅಂಥ ಒಂದು ದಿನದ ಲೆಕ್ಕ ನೋಡಿ ಗುಳಿಗೆ ಶುರು ಮಾಡಬೇಡ, ವಾರ ಬಿಟ್ಟು ಮತ್ತೆ ನೋಡು. ಅವನದು ಇಳಿಯಲಿಲ್ಲ, ಈಗ ಗುಳಿಗೆ ಮೇಲಿದ್ದಾನೆ.

ಕಳೆದ ಅಮಾವಾಸ್ಯೆಗೆ ಗಣಿತದ ಮಾಸ್ತರು ರಿಜಿಸ್ಟರ್ ತಿರುವಿ, "ಇದರಾಗ ನಿನ್ನ ಹೆಸರ ಎಲ್ಲೈತಿ?" ಅಂದರು. ಇರಲಿಲ್ಲ. ತಾವೇ ಗೆರೆ ಹೊಡೆದು, ನನ್ನನ್ನು ಬಾಕಿನ ಮೇಲೆ ಕೂಡಿಸಿ ಮಷೀನಿನ ಪಟ್ಟಿ ಕಟ್ಟಿದರು. 148/92 ಬಂತು. ಮೆಟ್ಟಿಲು ಹತ್ತಿ ಬಂದೆ, ಅದಕ್ಕೇ ಜಾಸ್ತಿ ಅಂತ ಶುರು ಮಾಡಿದೆ. "ಮಾತಾಡಬ್ಯಾಡ. ಐದ್ ನಿಮಿಷ ಸುಮ್ಮನ ಕೂಡು, ಇನ್ನೊಮ್ಮೆ ನೋಡ್ತೀನಿ" ಅಂದರು.