ಕಾಫಿ ಕೊಯ್ಲಿಗೆ ಹೋದ ಹುಡುಗನ ಮೆಟ್ಟಿಲು

ನಾನು ಎಚ್‌.ಡಿ. ಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ನಲಿ-ಕಲಿ ಅಂದರೆ ಚಿಕ್ಕ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಚಟುವಟಿಕೆ ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. 1995ರಲ್ಲಿ ನಲಿ-ಕಲಿ ಶುರುವಾಗಿದ್ದೇ ನಮ್ಮ ತಾಲ್ಲೂಕಿನಲ್ಲಿ. ಇಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಆಮೇಲೆ ಕಾರ್ಡುಗಳನ್ನು ತಾವೇ ಕೂತು ಬರೆದರು. ಅದನ್ನು ನೆನೆದರೆ ಈಗಲೂ ಹೆಮ್ಮೆ ಆಗುತ್ತದೆ.

ಆದರೂ ಮೊದಲ ವರ್ಷ ನಾನು ಕಾರ್ಡು ಮುಟ್ಟಲಿಲ್ಲ. ಬೋರ್ಡಿನ ಮೇಲೆ ಅಆಇಈ ಬರೆದು ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲರಿಂದ ಒಟ್ಟಿಗೆ ಹೇಳಿಸುತ್ತಿದ್ದೆ. ಒಬ್ಬೊಬ್ಬರನ್ನೇ ಕರೆದು ಓದಿಸಿದಾಗ ಗೊತ್ತಾಯಿತು, ಅರ್ಧಕ್ಕರ್ಧ ಮಕ್ಕಳು ಪಕ್ಕದವರ ಬಾಯಿ ನೋಡಿ ಹೇಳುತ್ತಿದ್ದರು.

ಮುಂದಿನ ಜೂನ್‌ನಲ್ಲಿ ಕಾರ್ಡು ಹಿಡಿದೆ. ಇಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದು ಅಕ್ಷರ ಕಲಿತರೆ ಸಾಕು. ಸರ, ಅರಸ, ಅಗಸ ಎಲ್ಲ ಓದಬಹುದು. ಒಬ್ಬಳು ಹುಡುಗಿ ಬೆರಳಿಟ್ಟು ‘ಗ... ರ... ಗ... ಸ’ ಅಂತ ಕೂಡಿಸಿದಳು. ಒಂದು ಕ್ಷಣ ಸುಮ್ಮನಿದ್ದು, ‘ಮಿಸ್, ಇದು ನಮ್ಮಪ್ಪನ ಹತ್ರ ಅದೆ!’ ಅಂತ ಕೂಗಿದಳು.

ನಮ್ಮಲ್ಲಿ ದೊಡ್ಡ ಕಷ್ಟ ಗೈರುಹಾಜರಿ. ಡಿಸೆಂಬರ್ ಬಂತೆಂದರೆ ಹಾಡಿಯ, ಅಂದರೆ ಆದಿವಾಸಿ ಕೇರಿಯ, ಮಕ್ಕಳು ಅಪ್ಪ ಅಮ್ಮನ ಜೊತೆ ಕೊಡಗಿನ ಕಾಫಿ ತೋಟಕ್ಕೆ ಹೊರಡುತ್ತಾರೆ. ಒಬ್ಬ ಹುಡುಗ ವಾಪಸ್ ಬಂದಾಗ ಮಾರ್ಚ್. ಎಲ್ಲರಿಗೂ ಒಂದೇ ಪಾಠ ಅಂತಿದ್ದರೆ ಅವನು ಮೂಲೆಯಲ್ಲಿ ಸುಮ್ನೆ ಕೂತಿರುತ್ತಿದ್ದ, ಅಲ್ವಾ? ಯಾವ ಮಗು ಎಲ್ಲಿವರೆಗೆ ಕಲಿತಿದೆ ಅಂತ ಗುರುತು ಹಾಕುವ ಪಟ್ಟಿಯೇ ಪ್ರಗತಿ ನೋಟ. ನಾನು ಅದನ್ನು ತೆಗೆದು ಅವನ ಸಾಲು ನೋಡಿದೆ. ಕಾರ್ಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಎಲ್ಲಿ ಬಿಟ್ಟಿದ್ದನೋ ಅದರ ಹಿಂದಿನ ಎರಡು ಕಾರ್ಡು ಕೊಟ್ಟೆ. ಒಂದನ್ನು ಮರೆತಿದ್ದ. ನಲಿ-ಕಲಿಯಲ್ಲಿ ಮಕ್ಕಳು ಕೂರುವ ಗುಂಪಿಗೆ ತಟ್ಟೆ ಅನ್ನುತ್ತೇವೆ. ಅವನನ್ನು ಶಿಕ್ಷಕರ ಸಂಪೂರ್ಣ ಸಹಾಯದ ತಟ್ಟೆಯಲ್ಲಿ ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ನಾಲ್ಕನೇ ದಿನ ಗೆಳೆಯರ ಜೊತೆ ಕಲಿಯುವ ತಟ್ಟೆಗೆ ತಾನೇ ಎದ್ದು ಹೋದ.

ಇದಕ್ಕೆಲ್ಲ ಪ್ರಗತಿ ನೋಟ ನಿಜವಾಗಿರಬೇಕು. ಶಾಲೆ ನೋಡಲು ಬಂದವರು ನೋಡುತ್ತಾರೆಂದು ಸುಳ್ಳು ಗುರುತು ಹಾಕಿದರೆ ಮಗು ನಿಂತ ಜಾಗವೇ ಕಳೆದುಹೋಗುತ್ತದೆ. ‘ಇಷ್ಟೊಂದು ಖಾಲಿ ಯಾಕೆ?’ ಅಂತ ಕೇಳಿದವರ ಮುಂದೆ ನಾನು ಮಗುವನ್ನೇ ಕರೆದು ಓದಿಸುತ್ತೇನೆ.

ಹೋದ ಡಿಸೆಂಬರ್‌ನಲ್ಲಿ ತೋಟಕ್ಕೆ ಹೊರಟ ಮೂವರಿಗೂ ಅವರವರ ಮೆಟ್ಟಿಲಿನ ನಾಲ್ಕು ಕಾರ್ಡು ಜೆರಾಕ್ಸ್ ಮಾಡಿಸಿ ಕೊಟ್ಟೆ. ಇಬ್ಬರು ತಂದು ಓದಿ ತೋರಿಸಿದರು. ಇನ್ನೊಬ್ಬಳದು ತೋಟದ ಕೂಲಿಯವರ ಲೈನ್‌ಮನೆಯಲ್ಲಿ ನೆನೆದು ಹೋಗಿತ್ತು. ಈ ಸಲ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡುತ್ತೇನೆ.