ಹಳೆಯ ಯುದ್ಧವಿಮಾನ ಹಾರುವ ದಿನ ಎಲ್ಲಿ ನಿಲ್ಲಬೇಕು: ಬೀದರಿನ ನೋಡುಗರಿಗೊಂದು ಕೈಪಿಡಿ

ಬೀದರಿನವರಿಗೆ ವಿಮಾನದ ಸದ್ದು ಹೊಸದಲ್ಲ. 1996ರಲ್ಲಿ ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ ತಂಡ ರೂಪುಗೊಂಡದ್ದು ಇಲ್ಲಿನ ವಾಯುನೆಲೆಯಲ್ಲೇ. ತರಬೇತಿ ಜೆಟ್‌ಗಳು ತಲೆಯ ಮೇಲೆ ಹಾದುಹೋದರೆ ತೊಗರಿ ಹೊಲದಲ್ಲಿ ಕಳೆ ಕೀಳುವವರು ಕತ್ತೆತ್ತಿಯೂ ನೋಡುವುದಿಲ್ಲ. ಈ ಸಲಿಗೆಯೇ ಪ್ರದರ್ಶನದ ದಿನ ಅಪಾಯಕ್ಕೆ ದಾರಿಯಾಗಬಲ್ಲದು. ಪಾಸು ಸಿಗದವರು ರಸ್ತೆಯ ಅಂಚನ್ನೋ ಹೊಲದ ಬದುವನ್ನೋ ಪರಿಚಿತರ ಮನೆಯ ಮಾಳಿಗೆಯನ್ನೋ ಹುಡುಕುತ್ತಾರೆ. ವಾಯುಪಡೆಯ ಡಕೋಟಾ, ಹಾರ್ವರ್ಡ್, ಟೈಗರ್ ಮಾತ್‌ನಂತಹ ಹಳೆಯ ವಿಮಾನಗಳನ್ನು ನೋಡಲು ಇಲ್ಲಿಯೇ ಸೇರಲಿ, ಏರ್ ಶೋ ನಡೆಯುವ ಬೆಂಗಳೂರಿನ ಯಲಹಂಕಕ್ಕೆ ಹೋಗಲಿ, ಮೊದಲು ತೀರ್ಮಾನಿಸಬೇಕಾದದ್ದು ನಿಲ್ಲುವ ಜಾಗವನ್ನು.

2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರಂನ ವಿಮಾನ ಪ್ರದರ್ಶನದಲ್ಲಿ ನಡೆದದ್ದನ್ನು ಇದಕ್ಕಾಗಿ ತಿಳಿದಿರಬೇಕು. 1971ರ ಯುದ್ಧದಲ್ಲಿ ರಾಜಸ್ಥಾನದ ಲೋಂಗೆವಾಲಾದಲ್ಲಿ ನಮ್ಮ ವಾಯುಪಡೆ ಬಳಸಿದ ಹಾಕರ್ ಹಂಟರ್ ಜಾತಿಯದೇ ಒಂದು ಜೆಟ್ ಅಲ್ಲಿ ಲೂಪ್, ಅಂದರೆ ಮೇಲೇರಿ ಮಗುಚಿ ಕೆಳಗಿಳಿಯುವ ಒಂದು ಪೂರ್ತಿ ಸುತ್ತು, ಹೊಡೆಯಲು ಮೇಲೇರಿತು. ಸುತ್ತಿನ ತುದಿಯಲ್ಲಿ ಕನಿಷ್ಠ 3,500 ಅಡಿ ಎತ್ತರ ಇರಬೇಕಿತ್ತು. ವೇಗವೂ ಎಂಜಿನ್ ಬಲವೂ ಸಾಲದೆ ಅದು ಸುಮಾರು 2,700 ಅಡಿಯಲ್ಲೇ ಮಗುಚಿತು. ಆ ತುದಿಯಲ್ಲಿ ಸುತ್ತನ್ನು ಕೈಬಿಟ್ಟು ತಪ್ಪಿಸಿಕೊಳ್ಳುವ ಅವಕಾಶವಿತ್ತೆಂದು ತನಿಖೆ ಹೇಳಿತು. ಆದರೆ ಸುತ್ತು ಮುಂದುವರಿಯಿತು, ಕೆಳಗೆ ಜಾಗ ಸಾಲಲಿಲ್ಲ, ವಿಮಾನ ಪಕ್ಕದ ಹೆದ್ದಾರಿಗೆ ಅಪ್ಪಳಿಸಿತು. ಪೈಲಟ್ ಬದುಕುಳಿದರು. ಸತ್ತ 11 ಮಂದಿಯಲ್ಲಿ ಒಬ್ಬರೂ ಪ್ರದರ್ಶನದ ಮೈದಾನದೊಳಗೆ ಇರಲಿಲ್ಲ. ಎಲ್ಲರೂ ಹೊರಗೆ, ರಸ್ತೆಯಲ್ಲಿ ಅಥವಾ ಅದರ ಬದಿಯಲ್ಲಿದ್ದವರು.

ಇದು ಕೇವಲ ದುರದೃಷ್ಟವಲ್ಲ. 1952ರಲ್ಲಿ ಇಂಗ್ಲೆಂಡಿನದೇ ಫಾರ್ನ್‌ಬರೋ ಪ್ರದರ್ಶನದಲ್ಲಿ ಒಡೆದುಹೋದ ಜೆಟ್ ಒಂದರ ಭಾಗಗಳು ಜನರ ಮೇಲೆ ಬಿದ್ದು 29 ಪ್ರೇಕ್ಷಕರು ಸತ್ತ ನಂತರ ನಿಯಮಗಳು ಬಿಗಿಯಾದವು. ವಿಮಾನವು ಜನರಿಂದ ದೂರದಲ್ಲಿ ಎಳೆದ ಒಂದು ರೇಖೆಯ ಗುಂಟ ಹಾರಬೇಕು, ತಿರುಗುವಾಗ ಜನರ ಕಡೆಗೆ ಮುಖಮಾಡಬಾರದು ಎಂಬುದು ಅವುಗಳ ತಿರುಳು. ಹಾಗಾದರೆ ಆ ರೇಖೆಯ ಆಚೆ ಬದಿಯಲ್ಲಿ ಅಥವಾ ಅದರ ಎರಡು ತುದಿಗಳಲ್ಲಿ ನಿಂತವರ ಗತಿ? ಒಳಗಿನವರನ್ನು ಕಾಯುವ ನಿಯಮವೇ ವಿಮಾನವನ್ನು ಹೀಗೆ ಹೊರಗೆ ನಿಂತವರ ನೆತ್ತಿಯ ಮೇಲೆ ತಿರುಗಿಸುತ್ತದೆ. ಆದ್ದರಿಂದ ಪಾಸು ಸಿಕ್ಕರೆ ನಿಗದಿತ ಆವರಣದೊಳಗೆ ನಿಲ್ಲಿ. ಸಿಗದಿದ್ದರೆ ರನ್‌ವೇ ಎರಡೂ ಕಡೆ ಚಾಚಿದ ನೇರವನ್ನು ಬಿಟ್ಟು, ಪ್ರೇಕ್ಷಕರ ಆವರಣವಿರುವ ಬದಿಯಲ್ಲೇ, ಅದರ ಹಿಂದೆ ಸಾಕಷ್ಟು ದೂರದಲ್ಲಿ ನಿಲ್ಲಿ. ಫೋಟೋ ಚೆನ್ನಾಗಿ ಬರುವ ಜಾಗ ಸಾಮಾನ್ಯವಾಗಿ ನಿಲ್ಲಬಾರದ ಜಾಗವೇ ಆಗಿರುತ್ತದೆ. 2019ರ ಫೆಬ್ರವರಿಯಲ್ಲಿ ಯಲಹಂಕದ ಬಳಿ ಸೂರ್ಯಕಿರಣದ ಎರಡು ಹಾಕ್ ತರಬೇತಿ ಜೆಟ್‌ಗಳು ಅಭ್ಯಾಸದಲ್ಲಿ ತಾಗಿದಾಗಲೂ ಅವಶೇಷಗಳು ಬಿದ್ದದ್ದು ಮನೆಗಳಿರುವ ಬಡಾವಣೆಯಲ್ಲಿ.

ಹಾಕ್ ಹಳೆಯ ವಿಮಾನವಲ್ಲ. ವಿಮಾನ ಹಳೆಯದಾದಾಗ ಇನ್ನಷ್ಟು ಸಂಗತಿಗಳು ಸೇರಿಕೊಳ್ಳುತ್ತವೆ. ಲೋಹ ದಣಿಯುತ್ತದೆ, ಸೀಲುಗಳ ರಬ್ಬರು ಗಡುಸಾಗುತ್ತದೆ, ಬಿಡಿಭಾಗ ತಯಾರಿಸಿದ ಕಾರ್ಖಾನೆ ಮುಚ್ಚಿರುತ್ತದೆ. 2011ರಲ್ಲಿ ಅಮೆರಿಕದ ರೀನೊದ ವಿಮಾನ ಓಟದ ಪಂದ್ಯದಲ್ಲಿ ಎರಡನೆಯ ಮಹಾಯುದ್ಧ ಕಾಲದ ಮಸ್ಟಾಂಗ್ ಯುದ್ಧವಿಮಾನ ಬಿದ್ದು ಪೈಲಟ್ ಸೇರಿ 11 ಮಂದಿ ಸತ್ತರು. ಬಾಲದ ಚಿಕ್ಕ ಪಟ್ಟಿಯೊಂದನ್ನು ಹಿಡಿದಿದ್ದ ಸವೆದ ನಟ್ಟುಗಳು ಸಡಿಲಿದ್ದು ಅದಕ್ಕೆ ಮೂಲವಾಗಿತ್ತು. ಜೊತೆಗೆ, ಇಂತಹ ವಿಮಾನವನ್ನು ಪೈಲಟ್ ವರ್ಷಕ್ಕೆ ಕೆಲವೇ ಗಂಟೆ ಹಾರಿಸಿರುತ್ತಾರೆ.

ನಮ್ಮ ಭಾಗದಲ್ಲಿ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೀದರ್ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಗಾಳಿ ತೆಳುವಾಗಿ, ವಿಮಾನಕ್ಕೆ ಅದು 5,500 ಅಡಿಯ ಆಸುಪಾಸಿನ ಗಾಳಿಯಂತೆ ಇರುತ್ತದೆ. ಹಳೆಯ ಪಿಸ್ಟನ್ ಎಂಜಿನ್ ಆಗ ಸೊರಗುತ್ತದೆ, ಮೇಲೇರುವುದು ನಿಧಾನವಾಗುತ್ತದೆ, ಲೂಪಿಗೆ ಹೆಚ್ಚು ಎತ್ತರ ಬೇಕಾಗುತ್ತದೆ. ಮುಖ್ಯ ಅತಿಥಿ ತಡವಾಗಿ ಬಂದರೆಂದು ಬೆಳಗಿನ ಹಾರಾಟವನ್ನು ಮಧ್ಯಾಹ್ನಕ್ಕೆ ತಳ್ಳುವುದು ನಮ್ಮ ಸಮಾರಂಭಗಳ ವಾಡಿಕೆ. ಇಲ್ಲಿ ಆ ವಾಡಿಕೆ ಸಲ್ಲದು.

ಕಾರ್ಯಕ್ರಮದ ಸಿದ್ಧತೆಯಲ್ಲಿ ಭಾಗಿಯಾಗುವ ಪಂಚಾಯಿತಿ, ನಗರಸಭೆಯವರು ರಸ್ತೆ ಯಾವ ಹೊತ್ತಿನಿಂದ ಮುಚ್ಚುತ್ತದೆ, ಹಾರಾಟದ ದಾರಿಯ ಹೊಲಗಳಲ್ಲಿ ಆ ದಿನ ಕೂಲಿಯವರು ಇರುತ್ತಾರೆಯೇ ಎಂದು ಮೊದಲೇ ವಿಚಾರಿಸಬೇಕು. ಎರಡು ವಿಮಾನಗಳು ಏಕಕಾಲಕ್ಕೆ ಹಾರುವುದಾದರೆ ಯಾವುದು ಯಾವ ಎತ್ತರದಲ್ಲಿ ಎಂಬುದು ನೆಲದ ಮೇಲೆಯೇ ಬರೆದು ನಿಶ್ಚಯವಾಗಿರಬೇಕು. 2022ರ ನವೆಂಬರ್‌ನಲ್ಲಿ ಅಮೆರಿಕದ ಡಲ್ಲಾಸ್‌ನ ಪ್ರದರ್ಶನದಲ್ಲಿ ಬಿ-17 ಬಾಂಬರ್ ಮತ್ತು ಕಿಂಗ್‌ಕೋಬ್ರಾ ಯುದ್ಧವಿಮಾನ ಡಿಕ್ಕಿಯಾಗಿ ಆರು ಮಂದಿ ಸತ್ತಾಗ ಅಂತಹ ನಿಶ್ಚಯ ಇರಲಿಲ್ಲ. ಸೂಚನೆಗಳು ರೇಡಿಯೊದಲ್ಲಿ ಆಗಿಂದಾಗ ಬರುತ್ತಿದ್ದವು. ಹಾರಾಟ ಬೇಡ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೂ ಎಲ್ಲರಿಗೂ ಗೊತ್ತಿರಲಿ. ಮಾಂಸದ ತ್ಯಾಜ್ಯ ಹದ್ದುಗಳನ್ನು ಕರೆಯುತ್ತದೆ, ಅವು ವಿಮಾನಕ್ಕೆ ಬಡಿಯಬಹುದು. ಏರ್ ಶೋ ಕಾಲದಲ್ಲಿ ಯಲಹಂಕದ ಸುತ್ತ ಮಾಂಸದಂಗಡಿ ಮುಚ್ಚಿಸುವುದು ಅದಕ್ಕಾಗಿಯೇ. ಗಾಳಿಪಟ, ಡ್ರೋನ್ ಆ ದಿನ ಮನೆಯಲ್ಲೇ ಇರಲಿ.

ನೋಡುಗರು ನೀರು, ಟೋಪಿ ಅಥವಾ ತಲೆಗೆ ವಸ್ತ್ರ ಇಟ್ಟುಕೊಂಡೇ ಹೊರಡಬೇಕು. 2024ರ ಅಕ್ಟೋಬರ್‌ನಲ್ಲಿ ಚೆನ್ನೈನ ಪ್ರದರ್ಶನದ ದಿನ ಯಾವ ವಿಮಾನವೂ ಬೀಳಲಿಲ್ಲ. ಆದರೂ ಬಿಸಿಲು ಮತ್ತು ಜನಜಂಗುಳಿಯ ನಡುವೆ ಐವರು ಮೃತಪಟ್ಟರು.

ವಿಮಾನ ಬಿದ್ದರೆ ಅತ್ತ ಓಡಬೇಡಿ. 112ಕ್ಕೆ ಕರೆ ಮಾಡಿ, ಹೊಗೆಗೆ ಎದುರಾಗದಂತೆ ಗಾಳಿ ಬೀಸಿ ಬರುವ ದಿಕ್ಕಿಗೆ ಸರಿದು, ಆಂಬುಲೆನ್ಸ್ ಬರುವ ರಸ್ತೆಯಿಂದ ನಿಮ್ಮ ಗಾಡಿ ತೆಗೆಯಿರಿ. ಹಳೆಯ ಜೆಟ್‌ನಲ್ಲಿ ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಇಜೆಕ್ಷನ್ ಸೀಟಿನ ಕೆಳಗೆ ಸ್ಫೋಟಕ ಇರುತ್ತದೆ. ಪೈಲಟ್ ಹೊರಬರದಿದ್ದರೆ ಅದು ಇನ್ನೂ ಸಿಡಿಯದೆ ಅಲ್ಲೇ ಉಳಿದಿರಬಹುದು. ನಿಮ್ಮ ಹೊಲದಲ್ಲಿ ಬಿದ್ದ ತುಂಡು ಎಷ್ಟೇ ಚಿಕ್ಕದಿದ್ದರೂ ಎತ್ತಿಡಬೇಡಿ, ಮುಟ್ಟಬೇಡಿ. ಮೊಬೈಲಿನಲ್ಲಿ ಚಿತ್ರೀಕರಿಸಿದ್ದರೆ ಅದನ್ನು ಅಳಿಸದೆ ತನಿಖೆಯವರಿಗೆ ಕೊಡಿ. ಹಳೆಯ ವಿಮಾನಗಳಲ್ಲಿ ಬಹಳಷ್ಟರಲ್ಲಿ ಹಾರಾಟದ ವಿವರ ದಾಖಲಿಸುವ ಬ್ಲ್ಯಾಕ್ ಬಾಕ್ಸ್ ಇರುವುದಿಲ್ಲ.